ಕೋಲಾರ ಸೀಮೆಯಲ್ಲಿ ಪರದೇಶೀಯ ಉದ್ಯಮಗಳೂ ಸ್ಥಳೀಯ ಪಾಲುಗಾರಿಕೆಯೂ

ನಡೆನುಡಿಗಳಲ್ಲಿ ಭಿನ್ನರಾದ ಜನರು ಒಂದೇ ಉದ್ಯಮದಲ್ಲಿ ಪಾಲುಗಾರರಾಗಿ ಕೂಡಿದಾಗ ತಲೆದೋರುವ ತೊಡಕುಗಳನ್ನು ಕುರಿತು ವಾಣಿಜ್ಯಶಾಸ್ತ್ರಜ್ಞರು ಈಚಿನ ದಶಕಗಳಲ್ಲಿ ಬಹಳವಾಗಿ ಚರ್ಚಿಸಿದ್ದಾರೆ. ಅವರ ಚರ್ಚೆಗೆ ಹೆಚ್ಚಾಗಿ ಆಧಾರವಾಗಿರುವುದು ಚೀನಾ ದೇಶದ ಅನುಭವ. ೧೯೭೯ರಲ್ಲಿ ಆ ದೇಶವು ಪರದೇಶೀಯರೊಡನೆ ಕೂಡುಬಂಡವಾಳದ ಉದ್ಯಮಗಳನ್ನು ಸ್ಥಾಪಿಸುವುದಕ್ಕೆ ಅವಕಾಶ ಕೊಡುವ ಕಾಯಿದೆಯನ್ನು ಮಾಡಿತು. ಅದರ ಮೂಲರೂಪದಲ್ಲಿ ಆಡಳಿತ ಮಂಡಲಿಯ ಅಧ್ಯಕ್ಷಪದವಿ ಚೀನೀ ಪಕ್ಷಕ್ಕೇ ಮೀಸಲಾಗಿತ್ತು. ೧೯೯೦ರ ತಿದ್ದುಪಡಿಯಿಂದ ಆ ನಿರ್ಬಂಧ ಸಡಿಲವಾಯಿತು. ಯೂರೋಪಿನ ಸಣ್ಣ ಸಂಸ್ಥೆಗಳು ಅಲ್ಲಿಗೆ ಹೋದಾಗ ಅವುಗಳ ಬಳಿ ಸ್ವಂತ ದುಭಾಷಿಗಳಾಗಲಿ, ಆ ದೇಶದ ಕಾನೂನನ್ನು ಬಲ್ಲ ವಕೀಲರಾಗಲಿ, ಒಂದೆರಡು ವರ್ಷಗಳ ನಷ್ಟವನ್ನು ತಾಳಿಕೊಳ್ಳುವ ಹಣವಾಗಲಿ ಸಾಲದಾಗುತ್ತಿತ್ತು. ದೊಡ್ಡ ಸಂಸ್ಥೆಗಳಿಗೂ ಈ ಹಾದಿ ಸುಗಮವಾಗಿರಲಿಲ್ಲ. ಫ್ರಾನ್ಸಿನ ಡನೋನ್ ಸಂಸ್ಥೆಯೂ ಚೀನಾದ ವಾಹಾಹಾ ಸಂಸ್ಥೆಯೂ ೧೯೯೬ರಲ್ಲಿ ಮಾಡಿಕೊಂಡ ಪಾಲುಗಾರಿಕೆ ಹಲವು ವ್ಯಾಜ್ಯಗಳನ್ನು ಕಂಡು ೨೦೦೯ರಲ್ಲಿ ಮುರಿದುಬಿದ್ದುದು ಇದಕ್ಕೆ ಸಾಕ್ಷಿ.

ಇಂಥ ವಿಫಲತೆಗಳಿಗೆ 'ಸಂಸ್ಕೃತಿಭೇದ'ವೇ ಕಾರಣವೆಂದು ಹೇಳುವುದು ರೂಢಿಯಾಗಿದೆ. ಈ ಮಾತು ಎಷ್ಟರ ಮಟ್ಟಿಗೆ ನಿಜ? ಇದನ್ನು ಪರೀಕ್ಷಿಸುವುದಕ್ಕೆ ನಾವು ದೂರ ಹೋಗಬೇಕಾದ್ದಿಲ್ಲ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳನ್ನೂ ಚಿನ್ನದ ಗಣಿಗಳ ಪ್ರದೇಶವನ್ನೂ ಒಳಗೊಂಡ ನಮ್ಮ ಪೂರ್ವದ ಸೀಮೆಯೇ ಇನ್ನೂರು ವರ್ಷಗಳಿಂದ ಈ ಬಗೆಯ ಪ್ರಯೋಗಗಳಿಗೆ ರಂಗಸ್ಥಳವಾಗಿದೆ. ಆ ಅನುಭವದಲ್ಲಿ ಮೂರು ಪ್ರಸಂಗಗಳನ್ನು ಆರಿಸಿಕೊಂಡು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

೧. ಸೀಮೆಯ ಸ್ವರೂಪ

ಕೋಲಾರ ಸೀಮೆಯ ಜನರಿಗೆ ಪರಭಾಷೆಯೆಂಬುದು ಹೊಸ ಸಂಗತಿಯಲ್ಲ. ಮುಳಬಾಗಿಲೆಂಬ ಹೆಸರೇ ಮೂಡಲ ಬಾಗಿಲೆಂಬ ಅರ್ಥವನ್ನು ಕೊಡುತ್ತದೆ. ಈ ಬಾಗಿಲಿನಿಂದಾಚೆ ಆಂಧ್ರ ಪ್ರದೇಶ, ಆಗ್ನೇಯಕ್ಕೆ ತಮಿಳುನಾಡು. ಮುಳಬಾಗಿಲು, ಶ್ರೀನಿವಾಸಪುರಗಳ ಹಳ್ಳಿಗಳಲ್ಲಿ ಮನೆಯಲ್ಲಿ ತೆಲುಗನ್ನೂ ಕಚೇರಿಯಲ್ಲಿ ಕನ್ನಡವನ್ನೂ ಆಡುವ ಕುಟುಂಬಗಳು ಬಹಳ. ಸಂತೆಯಲ್ಲಿ ಎರಡು ಮೂರು ಭಾಷೆಗಳಲ್ಲಿ ಚೌಕಾಶಿ ಮಾಡುವುದು ಇಲ್ಲಿ ಯಾರಿಗೂ ವಿಶೇಷವಾಗಿ ತೋರುವುದಿಲ್ಲ. ಆದಕಾರಣ ಇಲ್ಲಿ ಸ್ಥಾಪಿತವಾದ ಪರದೇಶೀಯ ಉದ್ಯಮಗಳಲ್ಲಿ ಮನಸ್ತಾಪಗಳು ಹುಟ್ಟಿದ್ದರೆ, ಕೇವಲ ಭಾಷೆಯ ಅಪರಿಚಯವೇ ಅದಕ್ಕೆ ಕಾರಣವೆಂದು ಒಪ್ಪಿಬಿಡುವುದು ಸುಲಭವಲ್ಲ.

೨. ವಾರನ್ನನ ಬಹುಮಾನ

ಮೊದಲನೆಯ ಪ್ರಸಂಗಕ್ಕೆ ಪೀಠಿಕೆಯಾಗಿ ೧೮೦೨ನೆಯ ವರ್ಷದ ಒಂದು ಘಟನೆಯನ್ನು ನೆನೆಯಬೇಕು. ಟಿಪ್ಪು ಸುಲ್ತಾನನ ಪತನಾನಂತರ ಮೈಸೂರು ಸಂಸ್ಥಾನದ ಪೂರ್ವದ ಗಡಿಯನ್ನು ಅಳೆಯುವ ಕೆಲಸದಲ್ಲಿದ್ದ ಲೆಫ್ಟಿನೆಂಟ್ ಜಾನ್ ವಾರನ್ ಎಂಬ ಅಧಿಕಾರಿಯ ಕಿವಿಗೆ, ಈ ಭಾಗದ ಮಣ್ಣಿನಲ್ಲಿ ಚಿನ್ನ ಸಿಕ್ಕುತ್ತದೆಂಬ ಸುದ್ದಿ ಬಿದ್ದಿತು. ಚಿನ್ನವನ್ನು ತೋರಿಸಿದವರಿಗೆ ಬಹುಮಾನ ಕೊಡುವುದಾಗಿ ಆತನು ಸಾರಿದನು. ಹಳ್ಳಿಗರು ಗಾಡಿಗಳಲ್ಲಿ ಮಣ್ಣನ್ನು ತುಂಬಿಕೊಂಡು ಬಂದು, ಅವನೆದುರಿನಲ್ಲಿಯೇ ಅದನ್ನು ತೊಳೆದು, ತಳದಲ್ಲಿ ನಿಂತ ಚಿನ್ನದ ಕಣಗಳನ್ನು ತೋರಿಸಿದರು. ಮಾರಿಕುಪ್ಪದ ಸುತ್ತಿನಲ್ಲಿ ಹಳೆಯ ಗುಂಡಿಗಳಿದ್ದುದನ್ನೂ ಅವನು ಕಂಡನು.

ಇಲ್ಲಿ ಗಮನಿಸಬೇಕಾದುದು ಈ ವ್ಯವಹಾರದ ಸರಳತೆ. ಒಬ್ಬನಿಗೆ ಬೇಕಾದುದು ಮಾಹಿತಿ. ಮತ್ತೊಬ್ಬರ ಬಳಿ ಇದ್ದುದು ತಲೆಮಾರುಗಳ ಕೈಗೆಲಸದ ತಿಳಿವಳಿಕೆ. ಕೊಡುವವರಿಗೂ ಕೊಳ್ಳುವವನಿಗೂ ನಡುವೆ ಬಹುಮಾನದ ಮಾತು ಬಹಿರಂಗವಾಗಿದ್ದಿತು. ಪರೀಕ್ಷೆ ಎಲ್ಲರ ಕಣ್ಣೆದುರಿನಲ್ಲಿ ನಡೆಯಿತು. ಇಬ್ಬರ ನಡುವೆ ಇದ್ದ ಸಂಸ್ಕೃತಿಭೇದಕ್ಕಿಂತ ಹೆಚ್ಚಿನ ಭೇದವನ್ನು ಊಹಿಸುವುದು ಕಷ್ಟ. ಹಾಗಿದ್ದರೂ ವ್ಯವಹಾರ ಕೆಡಲಿಲ್ಲ. ಮುಂದಿನ ಪ್ರಸಂಗಗಳನ್ನು ಅಳೆಯುವುದಕ್ಕೆ ಈ ಚಿಕ್ಕ ಘಟನೆಯನ್ನು ನಾವು ಮಾನದಂಡವಾಗಿ ಇಟ್ಟುಕೊಳ್ಳಬಹುದು.

೩. ಟೇಲರ್ ಸಂಸ್ಥೆಯೂ ಮೈಸೂರು ಸರ್ಕಾರವೂ

ವಾರನ್ನನ ವರದಿಯನ್ನು ಓದಿ ಉತ್ಸಾಹಗೊಂಡ ಮೈಕೆಲ್ ಲವೆಲ್ ಎಂಬ ಐರಿಷ್ ಸೈನಿಕನು ೧೮೭೧ರಲ್ಲಿ ಎತ್ತಿನ ಗಾಡಿಯಲ್ಲಿ ಕೋಲಾರದ ಕಡೆಗೆ ಬಂದನು. ೧೮೭೩ರಲ್ಲಿ ಅರ್ಜಿ ಸಲ್ಲಿಸಿ, ೧೮೭೫ರಲ್ಲಿ ಇಪ್ಪತ್ತು ವರ್ಷಗಳ ಅವಧಿಯ ಪರವಾನಗಿಯನ್ನು ಪಡೆದನು. ಆದರೆ ಅವನಲ್ಲಿ ಸಾಹಸವಿದ್ದಂತೆ ಹಣವಿರಲಿಲ್ಲ. ೧೮೭೭ರಲ್ಲಿ ಆ ಹಕ್ಕುಗಳು ಬೇರೆಯವರ ಕೈಸೇರಿದವು. ೧೮೮೦ರಲ್ಲಿ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆ ಇಲ್ಲಿಗೆ ಪ್ರವೇಶಿಸಿತು.

ಈ ಸಂಸ್ಥೆ ಒಂದು ಕುಟುಂಬದವರು ನಡೆಸುತ್ತಿದ್ದ ಗಣಿ ಎಂಜಿನಿಯರುಗಳ ಪಾಲುದಾರಿಕೆ. ಇದರ ಮೂಲಪುರುಷನಾದ ಜಾನ್ ಟೇಲರನು ೧೮೨೪ರಲ್ಲಿ ಮೆಕ್ಸಿಕೋ ದೇಶದ ರಿಯಲ್ ದೆಲ್ ಮಾಂಟೆ ಬೆಳ್ಳಿಗಣಿಗಳ ಕಂಪೆನಿಯನ್ನು ನಡೆಸುವುದಕ್ಕೆ ಹೊರಟಿದ್ದನು. ಕಾರ್ನ್‌ವಾಲಿನ ಗಣಿಗಾರರನ್ನೂ ಉಗಿಯಂತ್ರಗಳನ್ನೂ ಅಲ್ಲಿಗೆ ಸಾಗಿಸಲಾಯಿತು. ಗಣಿಗಾರನಿಗೆ ಕೂಲಿಯ ಜೊತೆಗೆ ಅದಿರಿನಲ್ಲಿಯೂ ಒಂದು ಪಾಲನ್ನು ಕೊಡುವ ಪಾರ್ತಿದೊ ಎಂಬ ಪದ್ಧತಿ ಅಲ್ಲಿ ಹಿಂದಿನಿಂದ ನಡೆದುಬಂದಿತ್ತು. ಲಂಡನ್ನಿನ ಲೆಕ್ಕದಲ್ಲಿ ಅದು ನಷ್ಟವಾಗಿ ಕಂಡಿತು. ಗಣಿಗಾರನ ದೃಷ್ಟಿಯಲ್ಲಿ ಅದು ಅವನ ಹಕ್ಕು. ೧೮೪೯ರಲ್ಲಿ ಆ ಕಂಪೆನಿ ಭಾರಿ ನಷ್ಟದೊಡನೆ ಮುಚ್ಚಿತು. ಕೋಲಾರಕ್ಕೆ ಬರುವ ಮುನ್ನವೇ ಈ ಮನೆತನವು ಪರದೇಶದಲ್ಲಿ ಉದ್ಯಮ ನಡೆಸುವುದರ ಬೆಲೆಯನ್ನು ತೆತ್ತಿತ್ತೆಂದು ಹೇಳಬಹುದು.

ಕೋಲಾರದಲ್ಲಿಯೂ ಮೊದಲ ವರ್ಷಗಳು ನಿರಾಶಾದಾಯಕವಾಗಿದ್ದವು. ಷೇರುದಾರರ ಹಣ ಕರಗಿತು. ಕೊನೆಗೆ ಕ್ಯಾಪ್ಟನ್ ಪ್ಲಮರ್ ಎಂಬ ಗಣಿಗಾರನು ಪೂರ್ವಿಕರು ತೋಡಿದ್ದ ಹಳೆಯ ಗುಂಡಿಗಳ ಜಾಡನ್ನೇ ಹಿಡಿದು ಕೆಳಗಿಳಿದಾಗ 'ಚಾಂಪಿಯನ್' ಎಂದು ಹೆಸರಾದ ಸಮೃದ್ಧ ಸಿರ ಸಿಕ್ಕಿತು. ಹೊಸ ವಿದ್ಯೆ ತಡಕಾಡುತ್ತಿದ್ದ ಕಡೆ ಹಳೆಯ ತಿಳಿವಳಿಕೆ ದಾರಿ ತೋರಿಸಿತು. ಮೈಸೂರು, ಚಾಂಪಿಯನ್ ರೀಫ್, ಊರಿಗಾಂ, ನಂದಿದುರ್ಗ ಮೊದಲಾದ ಗಣಿಗಳು ಟೇಲರ್ ಸಂಸ್ಥೆಯ ಮೇಲ್ವಿಚಾರಣೆಯಲ್ಲಿ ಬೆಳೆದವು.

ಇತ್ತ ೧೮೮೧ರಲ್ಲಿ ಅಧಿಕಾರವು ಮತ್ತೆ ಒಡೆಯರ ವಂಶಕ್ಕೆ ಬಂದಿತು. ಭೂಮಿ ಸಂಸ್ಥಾನದ್ದು, ಬಂಡವಾಳವೂ ವಿದ್ಯೆಯೂ ಕಂಪೆನಿಯವು, ಉತ್ಪನ್ನದ ಮೇಲೆ ಸರ್ಕಾರಕ್ಕೆ ರಾಜಧನ. ಕಾಗದದ ಮೇಲೆ ಇದು ಗುತ್ತಿಗೆಯೇ ಹೊರತು ಪಾಲುಗಾರಿಕೆಯಲ್ಲ. ಆದರೆ ವಾಸ್ತವದಲ್ಲಿ ಒಂದರ ಏಳಿಗೆ ಮತ್ತೊಂದರ ಏಳಿಗೆಯೊಡನೆ ಹೆಣೆದುಕೊಂಡಿತ್ತು. ಎರಡು ಪಕ್ಷಗಳೂ ಸಮಬಲದವಾಗಿರಲಿಲ್ಲವೆಂಬುದನ್ನು ಮರೆಯಬಾರದು. ಸಂಸ್ಥಾನದ ಮೇಲೆ ಬ್ರಿಟಿಷ್ ಸಾರ್ವಭೌಮತ್ವದ ನೆರಳಿತ್ತು.

೪. ಶಿವನಸಮುದ್ರದ ಕರಾರು

ಅಸಮಬಲದ ಪಕ್ಷಗಳಾದರೂ ಸಂಬಂಧವನ್ನು ಸರಿಯಾಗಿ ಕಟ್ಟಿದರೆ ಅದು ಫಲಕಾರಿಯಾಗುತ್ತದೆಂಬುದಕ್ಕೆ ನಮ್ಮ ಎರಡನೆಯ ಪ್ರಸಂಗ ಉದಾಹರಣೆ. ಗಣಿಗಳ ಉಗಿಯಂತ್ರಗಳಿಗೆ ಬೇಕಾಗಿದ್ದ ಸೌದೆಯೂ ಕಲ್ಲಿದ್ದಲೂ ದುಬಾರಿಯಾಗುತ್ತ ಬಂದಿದ್ದವು. ಕಾವೇರಿಯ ಜಲಪಾತದಿಂದ ವಿದ್ಯುಚ್ಛಕ್ತಿಯನ್ನು ಉತ್ಪಾದಿಸಿ ಕೋಲಾರಕ್ಕೆ ಸಾಗಿಸುವ ಯೋಜನೆಯನ್ನು ದಿವಾನ್ ಸರ್ ಕೆ. ಶೇಷಾದ್ರಿ ಅಯ್ಯರ್ ಅವರ ಸರ್ಕಾರವು ಕೈಗೊಂಡಿತು. ಮೈಸೂರು ಸೇವೆಯಲ್ಲಿದ್ದ ಎಂಜಿನಿಯರ್ ದ ಲಾಟ್‌ಬಿನಿಯರ್ ಯೋಜನೆಯನ್ನು ರೂಪಿಸಿದನು. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಸಂಸ್ಥೆ ವಿದ್ಯುತ್ ಯಂತ್ರಗಳನ್ನೂ ಸ್ವಿಟ್ಜರ್ಲೆಂಡಿನ ಎಷರ್ ವಿಸ್ ಸಂಸ್ಥೆ ಜಲಚಕ್ರಗಳನ್ನೂ ಒದಗಿಸಿದವು. ೧೯೦೨ನೆಯ ಜೂನ್ ೩೦ರಂದು ೯೨ ಮೈಲಿಗಳ ತಂತಿಯ ಮೂಲಕ ಶಕ್ತಿ ಗಣಿಗಳನ್ನು ಮುಟ್ಟಿತು. ಅಷ್ಟು ದೂರ ವಿದ್ಯುತ್ತನ್ನು ಸಾಗಿಸಿದ ಉದಾಹರಣೆ ಆಗಿನ ಜಗತ್ತಿನಲ್ಲಿಯೇ ಅಪೂರ್ವವಾಗಿತ್ತು. ಯೋಜನೆಗೆ ಬೆಂಬಲವಾಗಿದ್ದ ಶೇಷಾದ್ರಿ ಅಯ್ಯರ್ ಅವರು ಅದನ್ನು ನೋಡಲು ಬದುಕಿರಲಿಲ್ಲ. ಅವರು ೧೯೦೧ರಲ್ಲಿ ತೀರಿಕೊಂಡಿದ್ದರು.

ನಾಲ್ಕು ದೇಶಗಳ ಜನ ಕೈಜೋಡಿಸಿದ ಈ ಕಾರ್ಯ ಹೇಗೆ ಸಫಲವಾಯಿತು? ನಮ್ಮ ಅಭಿಪ್ರಾಯದಲ್ಲಿ ಕಾರಣಗಳು ಮೂರು. ಮೊದಲನೆಯದಾಗಿ, ಯಾರು ಏನು ಕೊಡಬೇಕೆಂಬುದು ಮುಂಚಿತವಾಗಿಯೇ ಬರಹದಲ್ಲಿ ಸ್ಥಿರಪಟ್ಟಿತ್ತು: ಸರ್ಕಾರ ಬಂಡವಾಳ ಹೂಡಿ ಶಕ್ತಿಯನ್ನು ಒದಗಿಸಬೇಕು, ಕಂಪೆನಿಗಳು ಗೊತ್ತಾದ ದರದಲ್ಲಿ ಗೊತ್ತಾದ ಪ್ರಮಾಣದ ಶಕ್ತಿಯನ್ನು ಕೊಳ್ಳಬೇಕು. ಎರಡನೆಯದಾಗಿ, ಕರಾರಿಗೆ ಒಳಗಾದವರು ನೇರವಾಗಿ ಎದುರುಬದುರಿಗೆ ಕುಳಿತು ಒಪ್ಪಿದವರು, ನಡುವೆ ದಲ್ಲಾಳಿಗಳಿರಲಿಲ್ಲ. ಮೂರನೆಯದಾಗಿ, ಅಳತೆ ಎರಡು ಪಕ್ಷಗಳಿಗೂ ಕಾಣುವಂಥದು. ಅಶ್ವಶಕ್ತಿಯ ಲೆಕ್ಕದಲ್ಲಿ ವಂಚನೆಗೆ ಎಡೆಯಿಲ್ಲ. ವಾರನ್ನನ ಬಹುಮಾನದ ಲಕ್ಷಣಗಳೇ ಇಲ್ಲಿ ದೊಡ್ಡ ಪ್ರಮಾಣದಲ್ಲಿ ಕಾಣುತ್ತವೆ.

೫. ನೆಲದೊಳಗಣ ಸಂಬಂಧ

ಸರ್ಕಾರದೊಡನೆ ಹೀಗೆ ನಿಚ್ಚಳವಾದ ಕರಾರನ್ನು ಮಾಡಿಕೊಂಡ ಉದ್ಯಮವೇ ತನ್ನ ಕೆಲಸಗಾರರೊಡನೆ ಬೇರೊಂದು ರೀತಿಯ ಸಂಬಂಧವನ್ನು ಇಟ್ಟುಕೊಂಡಿತ್ತು. ಮೇಲಿನ ಹುದ್ದೆಗಳಲ್ಲಿ ಬ್ರಿಟಿಷರು, ಕಾರ್ನ್‌ವಾಲಿನ ಗಣಿಗಾರರು, ಇಟಲಿಯವರು, ಅನಂತರ ಆಂಗ್ಲೋ-ಇಂಡಿಯನ್ನರು, ಕೆಳಗೆ ಬಹುಸಂಖ್ಯೆಯಲ್ಲಿ ಉತ್ತರ ಆರ್ಕಾಡು, ಸೇಲಂ, ಚಿತ್ತೂರುಗಳಿಂದ ಬಂದ ತಮಿಳು, ತೆಲುಗು ಕೂಲಿಗಾರರು. ಇವರಲ್ಲಿ ಹೆಚ್ಚಿನವರು ಅಸ್ಪೃಶ್ಯತೆಯ ಕಾಟದಿಂದ ಊರು ಬಿಟ್ಟವರು. ಸುತ್ತಲಿನ ಕನ್ನಡ ಹಳ್ಳಿಗಳ ರೈತರು ಗಣಿಗಿಳಿದದ್ದು ವಿರಳ. ವಸತಿಗಳೂ ಇದೇ ಶ್ರೇಣಿಯನ್ನು ಅನುಸರಿಸಿದವು: ಒಂದು ಕಡೆ ಬಂಗಲೆ, ಕ್ಲಬ್ಬು, ಆಟದ ಬಯಲು, ಮತ್ತೊಂದು ಕಡೆ ಸಾಲುಗುಡಿಸಲುಗಳ ಕೂಲಿ ಲೈನುಗಳು.

ಕೂಲಿಗಾರನಿಗೂ ಕಂಪೆನಿಗೂ ನಡುವೆ ನಿಂತಿದ್ದವನು ಮೇಸ್ತ್ರಿ ಅಥವಾ ಗುತ್ತಿಗೆದಾರ. ಊರಿನಿಂದ ಆಳುಗಳನ್ನು ಕರೆತರುವವನು ಅವನು. ಮುಂಗಡ ಕೊಡುವವನು, ಕೂಲಿ ಹಂಚುವವನು, ಮುಂಗಡವನ್ನು ಕೂಲಿಯಲ್ಲಿ ಮುರಿದುಕೊಳ್ಳುವವನು ಎಲ್ಲವೂ ಅವನೇ. ಕಂಪೆನಿಗೆ ಅವನು ಅನುಕೂಲವಾಗಿದ್ದನು. ಆಳುಗಳ ಭಾಷೆಯನ್ನು ಕಲಿಯುವ, ಅವರ ಕಷ್ಟಸುಖಗಳನ್ನು ವಿಚಾರಿಸುವ ಭಾರವನ್ನು ಅವನು ಹೊತ್ತುಕೊಂಡನು. ಆದರೆ ಅವನ ಮೂಲಕ ಮೇಲಕ್ಕೆ ಹೋಗುವ ದೂರು ಅವನಿಗೆ ವಿರೋಧವಾಗಿದ್ದರೆ ಅಲ್ಲಿಯೇ ನಿಲ್ಲುತ್ತಿತ್ತು. ಹೀಗಾಗಿ ಸಾವಿರಾರು ಜನರು ಒಂದೇ ನೆಲದ ಮೇಲೆ ದಶಕಗಳ ಕಾಲ ಕೂಡಿ ದುಡಿದರೂ ಒಬ್ಬರ ಮಾತು ಮತ್ತೊಬ್ಬರಿಗೆ ಮುಟ್ಟಲಿಲ್ಲ.

ಇದರ ಪರಿಣಾಮ ೧೯೩೦ರಲ್ಲಿ ಸ್ಪಷ್ಟವಾಗಿ ಕಂಡುಬಂದಿತು. ಕೆಲಸಗಾರರ ಬೆರಳಚ್ಚುಗಳನ್ನು ತೆಗೆದುಕೊಂಡು ನೋಂದಾಯಿಸುವ ಏರ್ಪಾಟನ್ನು ಆಡಳಿತವರ್ಗ ಆರಂಭಿಸಿದಾಗ ಗಣಿಗಳಲ್ಲೆಲ್ಲ ಮುಷ್ಕರ ಹಬ್ಬಿತು. ಆಡಳಿತದವರಿಗೆ ಅದು ಗುರುತು ಹಿಡಿಯುವ ಒಂದು ಸಾಧನ. ಚಿನ್ನ ಕದಿಯುವರೆಂಬ ಶಂಕೆಯಿಂದ ದಿನವೂ ಮೈಮುಟ್ಟಿ ತಪಾಸಣೆಗೆ ಒಳಗಾಗುತ್ತಿದ್ದ ಕೆಲಸಗಾರನಿಗೆ ಅದು ತನ್ನನ್ನು ಅಪರಾಧಿಗಳ ಪಟ್ಟಿಗೆ ಸೇರಿಸುವ ಕ್ರಮವಾಗಿ ತೋರಿತು. ಇದನ್ನು ಸಂಸ್ಕೃತಿಭೇದವೆಂದು ಕರೆಯಬಹುದೆ? ಬೆರಳಚ್ಚಿನ ಅರ್ಥ ಎರಡೂ ಕಡೆಯವರಿಗೆ ಚೆನ್ನಾಗಿ ತಿಳಿದಿತ್ತು. ಅದನ್ನು ಯಾರಿಂದ ತೆಗೆದುಕೊಳ್ಳುತ್ತಾರೆ, ಯಾರಿಂದ ತೆಗೆದುಕೊಳ್ಳುವುದಿಲ್ಲ ಎಂಬುದೂ ತಿಳಿದಿತ್ತು. ಜಗಳ ಹುಟ್ಟಿದುದು ತಿಳಿಯದ್ದರಿಂದಲ್ಲ, ತಿಳಿದದ್ದರಿಂದ.

ಕೆಲಸಗಾರರು ಕೇವಲ ಸಹಿಸಿದವರಲ್ಲ. ಪಂಡಿತ ಅಯೋತ್ತಿದಾಸರ ಬೌದ್ಧ ಸಂಘದ ಶಾಖೆ ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿಯೇ ಮಾರಿಕುಪ್ಪದಲ್ಲಿ ಸ್ಥಾಪಿತವಾಗಿ, ಜಾತಿಯ ಅವಮಾನವನ್ನು ತಿರಸ್ಕರಿಸುವ ವಿಚಾರಗಳಿಗೆ ಕೇಂದ್ರವಾಯಿತು. ಮುಂದೆ ಕಾರ್ಮಿಕ ಸಂಘಗಳು ಬಲಗೊಂಡವು. ೧೯೪೬ನೆಯ ನವೆಂಬರ್ ೪ರಂದು ಪೊಲೀಸರ ಗುಂಡಿಗೆ ಆರು ಮಂದಿ ಬಲಿಯಾದರು. ಅವರ ನೆನಪನ್ನು ಆ ಊರು ಇಂದಿಗೂ ಕಾಯ್ದುಕೊಂಡಿದೆ. ೧೯೫೬ನೆಯ ನವೆಂಬರಿನಲ್ಲಿ ಗಣಿಗಳು ಮೈಸೂರು ರಾಜ್ಯ ಸರ್ಕಾರದ ವಶವಾದವು. ೧೯೬೨ರಲ್ಲಿ ಕೇಂದ್ರ ಸರ್ಕಾರಕ್ಕೆ ಸೇರಿದವು. ೨೦೦೧ನೆಯ ಫೆಬ್ರವರಿ ೨೮ರಂದು ಮುಚ್ಚಿದವು. ಸುಮಾರು ೮೦೦ ಟನ್ ಚಿನ್ನವನ್ನು ಕೊಟ್ಟ ಭೂಮಿಯ ಮೇಲೆ ಈಗ ಉಳಿದಿರುವುದು ಸಯನೈಡ್ ಮಣ್ಣಿನ ದಿಬ್ಬಗಳು ಮತ್ತು ಕೆಲಸಕ್ಕಾಗಿ ಬೆಳಗಿನ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ರಾತ್ರಿ ಹಿಂತಿರುಗುವ ಜನ.

ಈ ಗಣಿಯ ಆಳದಲ್ಲಿಯೇ ಬೇರೊಂದು ಬಗೆಯ ಸಹಕಾರವೂ ನಡೆಯಿತು. ೧೯೬೫ರಲ್ಲಿ ಮುಂಬಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆ, ಜಪಾನಿನ ಒಸಾಕಾ ನಗರ ವಿಶ್ವವಿದ್ಯಾಲಯ, ಇಂಗ್ಲೆಂಡಿನ ಡರ್ಹಮ್ ವಿಶ್ವವಿದ್ಯಾಲಯಗಳ ವಿಜ್ಞಾನಿಗಳು ವಿಶ್ವಕಿರಣಗಳಿಂದ ಹುಟ್ಟುವ ನ್ಯೂಟ್ರಿನೋ ಕಣಗಳ ಸುಳಿವನ್ನು ಇಲ್ಲಿ ಕಂಡರು. ಮೂರು ದೇಶದವರು ಒಂದೇ ಸುರಂಗದಲ್ಲಿ ಸಮಾನರಾಗಿ ದುಡಿದರು. ಫಲದ ಮೇಲೆ ಮೂವರ ಹೆಸರೂ ಇತ್ತು.

೬. ನರಸಾಪುರ

ಗಣಿಗಳು ಮುಚ್ಚಿದ ಮೇಲೆ ಉದ್ಯಮದ ಕೇಂದ್ರ ಪಶ್ಚಿಮಕ್ಕೆ, ಬೆಂಗಳೂರಿನ ಹೆದ್ದಾರಿಯ ಕಡೆಗೆ ಸರಿಯಿತು. ಮಾಲೂರಿನಲ್ಲಿ ಹಳೆಯ ಹೆಂಚಿನ ಕಾರ್ಖಾನೆಗಳ ಜೊತೆಗೆ ಹೊಸ ಕೈಗಾರಿಕಾ ಪ್ರದೇಶ ಬೆಳೆಯಿತು. ಕೋಲಾರ ತಾಲ್ಲೂಕಿನ ನರಸಾಪುರದಲ್ಲಿ ೨೦೧೩ರಲ್ಲಿ ಜಪಾನಿನ ಹೋಂಡಾ ಸಂಸ್ಥೆಯ ದ್ವಿಚಕ್ರ ವಾಹನಗಳ ಕಾರ್ಖಾನೆ ಆರಂಭವಾಯಿತು. ಸ್ವೀಡನ್ನಿನ ಸ್ಕಾನಿಯಾ ೨೦೧೫ರಲ್ಲಿ ಇಲ್ಲಿ ಬಸ್ಸುಗಳ ತಯಾರಿಕೆಯನ್ನು ತೊಡಗಿ ಕೆಲವೇ ವರ್ಷಗಳಲ್ಲಿ ನಿಲ್ಲಿಸಿತು. ತೈವಾನಿನ ವಿಸ್ಟ್ರಾನ್ ಸಂಸ್ಥೆ ೨೦೨೦ರಲ್ಲಿ ಅಮೆರಿಕದ ಆಪಲ್ ಕಂಪೆನಿಗಾಗಿ ಮೊಬೈಲ್ ಫೋನುಗಳನ್ನು ಜೋಡಿಸುವ ಕಾರ್ಖಾನೆಯನ್ನು ತೆರೆಯಿತು. ಈ ಕಾರ್ಖಾನೆಯೇ ನಮ್ಮ ಮೂರನೆಯ ಪ್ರಸಂಗ.

೨೦೨೦ನೆಯ ಡಿಸೆಂಬರ್ ೧೨ರ ಬೆಳಿಗ್ಗೆ ಪಾಳಿ ಮುಗಿಸಿದ ಕೆಲಸಗಾರರು ಕಾರ್ಖಾನೆಯೊಳಗೆ ಗಾಜುಗಳನ್ನು ಒಡೆದು, ವಾಹನಗಳನ್ನು ಉರುಳಿಸಿದರು. ನೂರಕ್ಕೂ ಹೆಚ್ಚು ಮಂದಿಯ ಬಂಧನವಾಯಿತು. ಹಿಂಸೆಯನ್ನು ಯಾರೂ ಸಮರ್ಥಿಸಲಾರರು. ಆದರೆ ಅದರ ಹಿಂದಿನ ಸಂಗತಿಗಳು ವಿಚಾರಾರ್ಹ. ಕೆಲವೇ ತಿಂಗಳುಗಳಲ್ಲಿ ಕೆಲಸಗಾರರ ಸಂಖ್ಯೆ ಸುಮಾರು ಐದು ಸಾವಿರದಿಂದ ಹತ್ತು ಸಾವಿರದ ಮೇಲಕ್ಕೆ ಏರಿತ್ತು. ಅವರಲ್ಲಿ ಬಹುಪಾಲು ಜನರನ್ನು ಕಾರ್ಮಿಕರನ್ನು ಒದಗಿಸುವ ಗುತ್ತಿಗೆ ಸಂಸ್ಥೆಗಳ ಮೂಲಕ ನೇಮಿಸಲಾಗಿತ್ತು. ಎಂಟು ಗಂಟೆಗಳ ಪಾಳಿ ಹನ್ನೆರಡು ಗಂಟೆಗೆ ಬದಲಾಗಿತ್ತು. ಹಾಜರಿಯನ್ನು ದಾಖಲಿಸುವ ಯಂತ್ರವ್ಯವಸ್ಥೆ ಕೆಟ್ಟು, ದುಡಿದ ದಿನಗಳು ಲೆಕ್ಕಕ್ಕೆ ಬಾರದೆ, ಕೈಗೆ ಬಂದ ಸಂಬಳ ಒಪ್ಪಿದ ಸಂಬಳಕ್ಕಿಂತ ಕಡಮೆಯಾಗಿತ್ತೆಂಬುದು ಕೆಲಸಗಾರರ ದೂರು. ಕಾರ್ಖಾನೆಗಳ ಇಲಾಖೆಯ ಪರಿಶೀಲನೆಯಲ್ಲಿಯೂ ಇಂಥ ಲೋಪಗಳು ಕಂಡುಬಂದವು. ಅಕ್ಟೋಬರ್, ನವೆಂಬರ್ ತಿಂಗಳುಗಳಲ್ಲಿ ಕೆಲವರಿಗೆ ಸಂಬಳ ತಡವಾದುದನ್ನು ಆಪಲ್ ಸಂಸ್ಥೆ ಒಪ್ಪಿಕೊಂಡು, ವಿಸ್ಟ್ರಾನಿಗೆ ಹೊಸ ಕೆಲಸ ಕೊಡುವುದನ್ನು ತಡೆಹಿಡಿಯಿತು. ವಿಸ್ಟ್ರಾನ್ ಕ್ಷಮೆ ಕೇಳಿ, ಭಾರತದ ವ್ಯವಹಾರವನ್ನು ನೋಡಿಕೊಳ್ಳುತ್ತಿದ್ದ ಉಪಾಧ್ಯಕ್ಷನನ್ನು ತೆಗೆದುಹಾಕಿತು. ೨೦೨೩ರಲ್ಲಿ ಈ ಕಾರ್ಖಾನೆ ಟಾಟಾ ಸಮೂಹದ ಕೈಸೇರಿತು.

ಆ ದಿನಗಳಲ್ಲಿ ಕೆಲವರು ಇದನ್ನು ತೈವಾನಿನವರ ಕಟ್ಟುನಿಟ್ಟಿನ ಕಾರ್ಯಕ್ರಮಕ್ಕೂ ಭಾರತೀಯರ ಸ್ವಭಾವಕ್ಕೂ ನಡೆದ ಘರ್ಷಣೆಯೆಂದು ವರ್ಣಿಸಿದರು. ಈ ವಿವರಣೆ ನಮಗೆ ಸಮರ್ಪಕವಾಗಿ ಕಾಣುವುದಿಲ್ಲ. ದುಡಿದ ದಿನಕ್ಕೆ ಹಣ ಬರಬೇಕೆಂಬ ನಿರೀಕ್ಷೆ ತೈಪೆಯಲ್ಲಿಯೂ ಒಂದೇ, ಮುಳಬಾಗಿಲಿನಲ್ಲಿಯೂ ಒಂದೇ. ಸಂಬಳದ ಚೀಟಿ ತಪ್ಪಾದಾಗ ಕೆಲಸಗಾರನು ಕಾರ್ಖಾನೆಯವರನ್ನು ಕೇಳಿದರೆ ಗುತ್ತಿಗೆದಾರನನ್ನೂ, ಗುತ್ತಿಗೆದಾರನನ್ನು ಕೇಳಿದರೆ ಕಾರ್ಖಾನೆಯವರನ್ನೂ ತೋರಿಸುವ ವ್ಯವಸ್ಥೆಯಲ್ಲಿ ಯಾವ ದೇಶದವನ ತಾಳ್ಮೆಯೂ ಕೆಡುವುದು ಸಹಜ. ಚಾಂಪಿಯನ್ ರೀಫಿನ ಮೇಸ್ತ್ರಿ ನೂರು ವರ್ಷಗಳ ಮೇಲೆ ಹೊಸ ವೇಷದಲ್ಲಿ ನರಸಾಪುರಕ್ಕೆ ಬಂದಿದ್ದನೆಂದು ಹೇಳಿದರೆ ಉತ್ಪ್ರೇಕ್ಷೆಯಾಗದು.

ಹಾಗೆಂದು ಸಂಸ್ಕೃತಿಭೇದವೇ ಇಲ್ಲವೆಂದು ನಾವು ಹೇಳುವುದಿಲ್ಲ. ಹಿರಿಯರೆದುರು 'ಆಗುವುದಿಲ್ಲ' ಎನ್ನಲು ಅಳುಕುವುದು, ಬಾಯಿಮಾತನ್ನೇ ಕರಾರೆಂದು ನಂಬುವುದು, ಹಬ್ಬಹರಿದಿನಗಳಿಗೂ ಬಂಧುಗಳ ಸಾವುನೋವುಗಳಿಗೂ ಕೆಲಸಕ್ಕಿಂತ ಹೆಚ್ಚಿನ ಬೆಲೆ ಕೊಡುವುದು ಇವೆಲ್ಲ ಇಲ್ಲಿಯ ನಡೆವಳಿಕೆ. ಹೊರಗಿನಿಂದ ಬಂದ ಮೇಲ್ವಿಚಾರಕನು ಮೌನವನ್ನು ಒಪ್ಪಿಗೆಯೆಂದು ಭಾವಿಸಿದರೆ ಮೋಸಹೋಗುತ್ತಾನೆ. ಆದರೆ ಇಂಥ ಭೇದಗಳು ನೇರ ಸಂಪರ್ಕವಿರುವಲ್ಲಿ ಕಾಲಕ್ರಮದಲ್ಲಿ ಅರ್ಥವಾಗುತ್ತವೆ. ಮಧ್ಯವರ್ತಿಯ ಗೋಡೆ ಎದ್ದಲ್ಲಿ ಹಗೆಯಾಗಿ ಬೆಳೆಯುತ್ತವೆ.

೭. ಉಪಸಂಹಾರ

ಮೇಲಿನ ಮೂರು ಪ್ರಸಂಗಗಳಿಂದ ನಾವು ಮುಟ್ಟುವ ನಿರ್ಣಯವಿದು. ಪರದೇಶೀಯ ಉದ್ಯಮ ಮತ್ತು ಸ್ಥಳೀಯ ಸಮಾಜಗಳ ಪಾಲುಗಾರಿಕೆಯಲ್ಲಿ ಕೆಡಕು ಹುಟ್ಟುವುದು ಭಿನ್ನತೆಯಿಂದಲ್ಲ. ಭಿನ್ನತೆಯನ್ನು ಎದುರಿಸುವ ಶ್ರಮವನ್ನು ಮೂರನೆಯವನಿಗೆ ಗುತ್ತಿಗೆ ಕೊಡುವುದರಿಂದ. ಸಣ್ಣ ಸಂಸ್ಥೆಗಳು ಈ ಬಲೆಗೆ ಬೇಗ ಬೀಳುತ್ತವೆ. ಸ್ವಂತವಾಗಿ ಜನರನ್ನು ಅರಿಯುವಷ್ಟು ಕಾಲವೂ ಹಣವೂ ತಮಗಿಲ್ಲವೆಂದು ಅವು ಭಾವಿಸುತ್ತವೆ. ಚೀನಾಕ್ಕೆ ಹೋದ ಯೂರೋಪಿನ ಸಣ್ಣ ಸಂಸ್ಥೆಗಳಿಗೂ ಈ ಮಾತು ಅನ್ವಯಿಸೀತು.

ಈ ಪ್ರಶ್ನೆ ಕೇವಲ ಚರಿತ್ರೆಯದಲ್ಲ. ಯೂರೋಪಿನ ಏರ್‌ಬಸ್ ಮತ್ತು ಟಾಟಾ ಸಂಸ್ಥೆಗಳು ಕೂಡಿ ಹೆಲಿಕಾಪ್ಟರುಗಳನ್ನು ಜೋಡಿಸುವ ಕಾರ್ಖಾನೆಗೆ ಕೋಲಾರ ತಾಲ್ಲೂಕಿನ ವೇಮಗಲ್ಲನ್ನು ಆರಿಸಿಕೊಂಡಿರುವ ಸಂಗತಿ ೨೦೨೫ರಲ್ಲಿ ಪ್ರಕಟವಾಯಿತು. ಶ್ರೀನಿವಾಸಪುರ ತಾಲ್ಲೂಕಿನ ಹೊಗಳಗೆರೆಯಲ್ಲಿ ಇಸ್ರೇಲಿನ ಸಹಕಾರದಿಂದ ಮಾವಿನ ಬೇಸಾಯದ ಕೇಂದ್ರವೊಂದು ಸ್ಥಾಪಿತವಾಗಿದೆ. ಅಲ್ಲಿಯ ಮಾವು ಬೆಳೆಗಾರನಿಗೂ ಹಣ್ಣಿನ ತಿರುಳನ್ನು ಹೊರದೇಶಕ್ಕೆ ಕಳುಹಿಸುವ ಕಾರ್ಖಾನೆಗಳಿಗೂ ನಡುವೆ ಮಂಡಿಯ ದಲ್ಲಾಳಿ ಇನ್ನೂ ನಿಂತಿದ್ದಾನೆ. ನಮ್ಮ ಕಾಲೇಜುಗಳಿಂದ ಹೊರಬೀಳುವ ತರುಣ ತರುಣಿಯರಲ್ಲಿ ಅನೇಕರು ನಾಳೆ ಇಂಥ ಕಾರ್ಖಾನೆಗಳ ಬಾಗಿಲಿನಲ್ಲಿ ನಿಲ್ಲುವರು. ಅವರ ಹಾಜರಿಯನ್ನು ಯಾರು ಬರೆಯುತ್ತಾರೆ, ದೂರನ್ನು ಯಾರು ಕೇಳುತ್ತಾರೆ, ಸಂಬಳದ ಲೆಕ್ಕವನ್ನು ಅವರ ಕಣ್ಣೆದುರಿನಲ್ಲಿ ಮಾಡುತ್ತಾರೆಯೆ ಎಂಬ ಮೂರು ಪ್ರಶ್ನೆಗಳನ್ನು ಸರ್ಕಾರವೂ ಉದ್ಯಮಿಗಳೂ ಮೊದಲ ದಿನವೇ ಕೇಳಿಕೊಳ್ಳಬೇಕು. ೧೮೦೨ರಲ್ಲಿ ಗಾಡಿಯ ಮಣ್ಣನ್ನು ಎಲ್ಲರೆದುರಿಗೆ ತೊಳೆದು ತೋರಿಸಿದ ಹಳ್ಳಿಗರು ಈ ನೀತಿಯನ್ನು ಆಗಲೇ ತಿಳಿದಿದ್ದರು.